ಎಷ್ಟು, ಎಂದು, ಏನು: ಪೋರ್ಚುಗೀಸ್ ನುಡಿಯ ಪ್ರಶ್ನಪದಗಳು



ಕಳೆದ ಮಾಸದಲ್ಲಿ ನಾವು ಉಡುಪಿಯಲ್ಲಿ ತಂಗಿದ್ದಾಗ ಕಾಪುವಿನಿಂದ ನಮ್ಮ ಹಳೆಯ ಪರಿಚಯದ ಭಕ್ತರೊಬ್ಬರು ಕಾಣಬಂದಿದ್ದರು. ಶಿವಮೊಗ್ಗೆಯ ಕಡೆಯಿಂದ ಬಂದು ಕರಾವಳಿಯಲ್ಲಿ ನೆಲೆಸಿ ನಾಲ್ಕು ದಶಕಗಳು ಸಂದ ಮನೆತನ ಅವರದು. ಅವರ ಮೊಮ್ಮಗಳು ಮಣಿಪಾಲದಲ್ಲಿ ವ್ಯಾಸಂಗ ಮುಗಿಸಿ, ವಿವಾಹಾನಂತರ ಪತಿಯ ಉದ್ಯೋಗನಿಮಿತ್ತ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಸಂಸಾರ ಹೂಡಿದ್ದಾಳೆ. ಮೂರು ವರ್ಷದ ಹೆಣ್ಣುಮಗುವೊಂದಿದೆ. ಆ ಮಗುವಿಗೆ ಜ್ವರ ಬಂದು, ತಂದೆ ಊರಲ್ಲಿಲ್ಲದ ದಿನ, ತಾಯಿಯೊಬ್ಬಳೇ ಎತ್ತಿಕೊಂಡು ಚಿಕಿತ್ಸಾಲಯಕ್ಕೆ ಹೋದಳು. ವೈದ್ಯರು ‘ಆ ಕ್ವಾಂತು ತೆಂಪು ತೆಂ ಫೆಬ್ರೆ?’ ಎಂದು ಕೇಳಿದರು. ಕಾಯಿಪಲ್ಲೆಯ ಅಂಗಡಿಯಲ್ಲಿ ಬೆಲೆ ಕೇಳಿ ಕೇಳಿ ಅವಳಿಗೆ ‘ಕ್ವಾಂತು’ ಎಂದರೆ ‘ಎಷ್ಟು’ ಎಂಬುದು ತಿಳಿದಿತ್ತು. ‘ಫೆಬ್ರೆ’ ಎಂದರೆ ಜ್ವರ ಎಂಬುದೂ ತಿಳಿದಿತ್ತು. ಜ್ವರ ಎಷ್ಟು ಎಂದು ಕೇಳುತ್ತಿದ್ದಾರೆಂದು ಭಾವಿಸಿ, ಮನೆಯಲ್ಲಿ ಅಳೆದು ನೋಡಿದ್ದ ಅಂಕಿಯನ್ನು, ಮೂವತ್ತೊಂಬತ್ತು ಎಂದು ಹೇಳಿದಳು. ವೈದ್ಯರು ಕೇಳಿದ್ದಾದರೋ ‘ಎಷ್ಟು ಕಾಲದಿಂದ ಜ್ವರವಿದೆ’ ಎಂದು. ಮೂವತ್ತೊಂಬತ್ತು ದಿನಗಳೆಂದು ತಿಳಿದು ಅವರು ಗಾಬರಿಯಾದರು. ದೊಡ್ಡ ಆಸ್ಪತ್ರೆಗೆ ಕಳುಹಿಸುವ ಸಿದ್ಧತೆಗೆ ತೊಡಗಿದರು. ವೈದ್ಯರ ಮುಖ ಕಂಡು ತಾಯಿಯೂ ಅಳತೊಡಗಿದಳು. ಕಡೆಗೆ ದಾದಿಯೊಬ್ಬಳು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬೊಟ್ಟು ಮಾಡಿ ತೋರಿಸಿದ ಮೇಲೆ, ಜ್ವರ ಬಂದದ್ದು ಮೊನ್ನೆ ಎಂಬುದು ಸ್ಪಷ್ಟವಾಯಿತು. ಮಗು ಬೇಗನೆ ಗುಣಮುಖವಾಯಿತು.

“ಶಾಸ್ತ್ರಿಗಳೇ, ಉತ್ತರವನ್ನು ಅವಳು ಹೇಗೋ ಹೇಳಿಕೊಳ್ಳುತ್ತಾಳೆ. ಅವರು ಕೇಳುವ ಪ್ರಶ್ನೆಯೇ ಅವಳಿಗೆ ತಿಳಿಯುವುದಿಲ್ಲವಂತೆ. ತಾವು ಆ ಭಾಷೆ ಓದಿದವರು. ಪ್ರಶ್ನೆ ಅರ್ಥವಾಗುವ ಹಾಗೆ ಏನಾದರೂ ಬರೆದುಕೊಡಬೇಕು” ಎಂದು ಆ ಹಿರಿಯರು ಬಿನ್ನವಿಸಿದರು.

ನಾವು ಆ ಭಾಷೆಯನ್ನು ಓದಿದ್ದು ಕೆಳದಿಯ ಅರಸರ ಸಲುವಾಗಿ. ವೆಂಕಟಪ್ಪ ನಾಯಕನ ಆಳ್ವಿಕೆಯಲ್ಲಿ, 1623ರಲ್ಲಿ, ಗೋವೆಯಿಂದ ಇಕ್ಕೇರಿಗೆ ಪೋರ್ಚುಗೀಸರ ರಾಯಭಾರ ಬಂದುದನ್ನೂ, ಮುಂದೆ ಶಿವಪ್ಪ ನಾಯಕನು ಅವರನ್ನು ಬಸರೂರಿನ ಕೋಟೆಯಿಂದ ಹೊರಡಿಸಿದುದನ್ನೂ ನಮ್ಮ ಓದುಗರು ಬಲ್ಲರು. ಆ ಕಾಲದ ಒಪ್ಪಂದಗಳನ್ನು ಮೂಲದಲ್ಲಿಯೇ ನೋಡಬೇಕೆಂಬ ಹಂಬಲದಿಂದ ನಡುವಯಸ್ಸಿನಲ್ಲಿ ಕೋಶವನ್ನು ಹಿಡಿದು ಕುಳಿತೆವು. ಆದರೆ ಒಪ್ಪಂದಪತ್ರಗಳಲ್ಲಿ ಕಲಮುಗಳಿರುತ್ತವೆಯೇ ಹೊರತು ಪ್ರಶ್ನೆಗಳಿರುವುದಿಲ್ಲ. ಎಷ್ಟು ಮೂಟೆ ಅಕ್ಕಿ ಕೊಡತಕ್ಕದ್ದು ಎಂಬುದು ಅಲ್ಲಿ ಸಿಕ್ಕೀತು. ‘ಮಗುವಿಗೆ ಎಲ್ಲಿ ನೋವು’ ಎಂಬುದು ಸಿಕ್ಕದು. ಆದ ಕಾರಣ ಹಿರಿಯರ ಮಾತಿಗೆ ಒಪ್ಪಿದ ಮೇಲೆ ನಾವೂ ವಿದ್ಯಾರ್ಥಿಯಂತೆ ಮತ್ತೊಮ್ಮೆ ಮೊದಲಿನಿಂದ ನೋಡಬೇಕಾಯಿತು.

ಕರಾವಳಿಯ ಜನರಿಗೆ ಪೋರ್ಚುಗೀಸ್ ತೀರ ಅಪರಿಚಿತವಲ್ಲ. ಮೇಜು, ಚಾವಿ, ಬಟಾಟೆ, ಪಗಾರ, ಇಸ್ತ್ರಿ ಇವೆಲ್ಲ ಆ ನುಡಿಯಿಂದ ಬಂದವು. ಕಾರ್ಕಳದ ಅತ್ತೂರಿನ ಜಾತ್ರೆಗೆ ಹೋದವರು ಕೇಳುವ ಇಗರ್ಜಿ, ಪಾದ್ರಿ ಎಂಬ ಮಾತುಗಳೂ ಅಲ್ಲಿಯವೇ. ಆದರೆ ಗಮನಿಸಬೇಕಾದ ಸಂಗತಿಯೆಂದರೆ, ವಸ್ತುಗಳ ಹೆಸರು ಇಷ್ಟು ಬಂದರೂ ಒಂದೇ ಒಂದು ಪ್ರಶ್ನಪದವೂ ಬರಲಿಲ್ಲ. ಗೋವೆಯಲ್ಲಿ ನಾಲ್ಕೂವರೆ ಶತಮಾನ ಆ ಆಳ್ವಿಕೆಯಡಿ ಇದ್ದ ಕೊಂಕಣಿಯೂ ತನ್ನ ಪ್ರಶ್ನಪದಗಳನ್ನು ಬಿಟ್ಟುಕೊಡಲಿಲ್ಲ. ಪಾತ್ರೆ ಪಡಗವನ್ನು ನೆರೆಮನೆಯಿಂದ ಎರವಲು ತರಬಹುದು. ಕೇಳುವ ಬಗೆಯನ್ನು ಯಾರೂ ಎರವಲು ತರುವುದಿಲ್ಲ. ಆದುದರಿಂದಲೇ ಇವನ್ನು ಹೊಸದಾಗಿ ಕಲಿಯಬೇಕು.

ಕನ್ನಡದಲ್ಲಿ ಯಾರು, ಏನು, ಎಲ್ಲಿ, ಎಷ್ಟು ಮುಂತಾದವು ಯಕಾರದಿಂದಲೋ ಎಕಾರದಿಂದಲೋ ಆರಂಭವಾಗುತ್ತವೆ. ಪೋರ್ಚುಗೀಸಿನಲ್ಲಿ ‘ಕೆಂ’ ಎಂದರೆ ಯಾರು, ‘ಕೆ’ ಎಂದರೆ ಏನು, ‘ಕ್ವಾಲ್’ ಎಂದರೆ ಯಾವುದು, ‘ಕ್ವಾಂದು’ ಎಂದರೆ ಎಂದು, ‘ಕ್ವಾಂತು’ ಎಂದರೆ ಎಷ್ಟು, ‘ಕೋಮು’ ಎಂದರೆ ಹೇಗೆ, ‘ಪುರ್ಕೆ’ ಎಂದರೆ ಏಕೆ. ಎಲ್ಲಿ ಎಂಬರ್ಥದ ‘ಓಂದೆ’ ಒಂದನ್ನು ಬಿಟ್ಟರೆ ಎಲ್ಲದರಲ್ಲಿಯೂ ಕಕಾರವಿದೆ. ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕಿಂ ಶಬ್ದವನ್ನು ಬಾಯಿಪಾಠ ಮಾಡಿದವರು. ಕಃ, ಕದಾ, ಕತಿ, ಕಥಂ ಎಂಬಲ್ಲಿಯೂ ಅದೇ ಕಕಾರ. ಉಡುಪಿಯ ರಥಬೀದಿಯ ಕೊಂಕಣಿ ಅಂಗಡಿಯಲ್ಲಿ ಕೇಳಿಬರುವ ‘ಕೋಣ’, ‘ಕೆದನಾ’ಗಳಲ್ಲಿಯೂ ಅದೇ. ಸಂಸ್ಕೃತ ಮತ್ತು ಲ್ಯಾಟಿನ್ ಒಂದೇ ಮೂಲದಿಂದ ಕವಲೊಡೆದವೆಂದು ಭಾಷಾಶಾಸ್ತ್ರಜ್ಞರು ಹೇಳುವುದಕ್ಕೆ ಇದೂ ಒಂದು ಸಾಕ್ಷಿ. ಕನ್ನಡ ತುಳುಗಳು ಬೇರೆ ಕುಲದವಾದುದರಿಂದ ನಮಗೆ ಆ ಸಲಿಗೆಯಿಲ್ಲ. ಆದರೂ ಉಡುಪಿಯಲ್ಲಿ ಬೆಳೆದ ಹುಡುಗಿಗೆ ಕೊಂಕಣಿ ಕಿವಿಗೆ ಬಿದ್ದೇ ಇರುತ್ತದೆ.

ಈಗ ಅವಳನ್ನು ಎಡವಿಸಿದ ಕಲ್ಲಿಗೆ ಬರೋಣ. ಕ್ವಾಂದು, ಕ್ವಾಂತು ಇವೆರಡಕ್ಕೂ ಭೇದ ದಕಾರ ತಕಾರಗಳಲ್ಲಿ ಮಾತ್ರ. ಆ ದಕಾರ ತಕಾರಗಳು ನಮ್ಮವುಗಳಂತೆಯೇ ಹಲ್ಲಿಗೆ ನಾಲಗೆ ತಾಗಿ ಹುಟ್ಟುವಂಥವು. ಇಂಗ್ಲಿಷಿನ ಕಿವಿಯನ್ನು ಬದಿಗಿರಿಸಿ ಕನ್ನಡದ ಕಿವಿಯಿಂದ ಕೇಳಿದರೆ ಸುಲಭವಾಗಿ ಬೇರೆಯಾಗುತ್ತವೆ. ಆದರೆ ನಮ್ಮ ಹುಡುಗಿ ತಪ್ಪಿದ್ದು ಅಲ್ಲಿಯಲ್ಲ. ಕ್ವಾಂತು ಎಂಬುದನ್ನು ಸರಿಯಾಗಿಯೇ ಕೇಳಿದಳು. ಅದರ ಹಿಂದುಮುಂದಿನ ಮಾತನ್ನು ಬಿಟ್ಟಳು. ‘ಕ್ವಾಂತು ತೆಂಪು’ ಎಂದರೆ ಎಷ್ಟು ಕಾಲ. ಅದರ ಮುಂದೆ ಬರುವ ‘ಆ’ ಎಂಬ ಒಂದಕ್ಷರದಿಂದ ‘ಎಷ್ಟು ಕಾಲದಿಂದ’ ಎಂದಾಗುತ್ತದೆ. ನಾವು ‘ಇಂದ’ ಎಂಬುದನ್ನು ಪದದ ಬಾಲಕ್ಕೆ ಕಟ್ಟುತ್ತೇವೆ, ಅವರು ತಲೆಗೆ ಕಟ್ಟುತ್ತಾರೆ. ಎಂದಿನಿಂದ ಎಂಬುದಕ್ಕೆ ‘ದೆಸ್ದೆ ಕ್ವಾಂದು’, ಎಲ್ಲಿಂದ ಎಂಬುದಕ್ಕೆ ‘ದೆ ಓಂದೆ’, ಯಾರೊಂದಿಗೆ ಎಂಬುದಕ್ಕೆ ‘ಕೊಂ ಕೆಂ’. ಎರಡೂ ನುಡಿಗಳಲ್ಲಿ ಆ ತುಣುಕು ಪ್ರಶ್ನಪದವನ್ನು ಬಿಟ್ಟು ಅಲೆಯುವುದಿಲ್ಲ. ಇಂಗ್ಲಿಷಿನಲ್ಲಾದರೆ ಅದು ವಾಕ್ಯದ ಕಡೆಯಲ್ಲಿ ಒಂಟಿಯಾಗಿ ನೇತಾಡುವುದುಂಟು. ಈ ವಿಷಯದಲ್ಲಿ ಕನ್ನಡತಿಗೇ ಹೆಚ್ಚು ಅನುಕೂಲ.

ಕ್ವಾಂತು ಎಂಬುದು ಎಣಿಸುವ ವಸ್ತುವಿನ ಲಿಂಗ ವಚನಗಳನ್ನು ಅನುಸರಿಸುತ್ತದೆ. ದಿನ ಪುಲ್ಲಿಂಗವಾದ್ದರಿಂದ ‘ಕ್ವಾಂತುಶ್ ದಿಯಶ್’, ಸಲ ಎಂಬುದು ಸ್ತ್ರೀಲಿಂಗವಾದ್ದರಿಂದ ‘ಕ್ವಾಂತಶ್ ವೇಜಶ್’. ನಮ್ಮ ಎಷ್ಟು ಎಂಬುದು ಯಾವುದಕ್ಕೂ ರೂಪ ಬದಲಿಸದು. ಕಃ, ಕಾ, ಕಿಂ ಎಂದು ಪಠಿಸಿದವರಿಗೆ ಇದು ಹೊಸತೇನಲ್ಲ. ಉಳಿದವರು ಔಷಧವನ್ನು ದಿನಕ್ಕೆ ‘ಎಷ್ಟು ಸಲ’ ಎಂಬುದನ್ನಾದರೂ ಕಿವಿಯಲ್ಲಿ ಇರಿಸಿಕೊಳ್ಳತಕ್ಕದ್ದು.

ನಮ್ಮನ್ನು ಹೆಚ್ಚು ಕಾಲ ಕಾಡಿದ್ದು ‘ಏನು’ ಎಂಬ ಪದ. ಕನ್ನಡದಲ್ಲಿ ಹೆಸರೇನು, ವಿಳಾಸವೇನು, ಇದೇನು ಎಂದು ಎಲ್ಲಕ್ಕೂ ಒಂದೇ ಮಾತು ಸಾಲುತ್ತದೆ. ಅವರಲ್ಲಿ ‘ಉ ಕೆ ಎ ಇಶ್ತು’ ಎಂದರೆ ಇದು ಏನು, ಇದರ ಸ್ವರೂಪ ಎಂಥದು ಎಂದು. ಹೆಸರು, ವಿಳಾಸಗಳ ಸ್ವರೂಪವನ್ನು ಯಾರೂ ಕೇಳುವುದಿಲ್ಲ; ಇರಬಹುದಾದ ಅನೇಕ ಹೆಸರುಗಳಲ್ಲಿ ನಿಮ್ಮದು ಯಾವುದು ಎಂದು ಕೇಳುತ್ತಾರೆ. ಆದಕಾರಣ ಅಲ್ಲಿ ‘ಕ್ವಾಲ್’ ಬರಬೇಕು. ಇನ್ನೂ ವಿಚಿತ್ರವೆಂದರೆ ಹೆಸರನ್ನು ‘ಕೋಮು ಸೆ ಶಾಮ’ ಎಂದೂ, ಅಂದರೆ ‘ಹೇಗೆ ಕರೆಯಿಸಿಕೊಳ್ಳುತ್ತೀರಿ’ ಎಂದೂ ಕೇಳುವುದುಂಟು. ಕೋಮು ಎಂಬುದನ್ನಷ್ಟೇ ಹಿಡಿದು ‘ಚೆನ್ನಾಗಿದ್ದೇನೆ’ ಎಂದು ಉತ್ತರಿಸಿ ನಗೆಗೀಡಾದವರು ಅನೇಕರು. ನಮ್ಮ ಹುಡುಗಿಯೂ ಅವರಲ್ಲೊಬ್ಬಳೆಂದು ಅಜ್ಜನೇ ತಿಳಿಸಿದರು.

ಏಕೆ ಎಂಬುದರ ವಿಷಯ ಸುಲಭ. ನಾವು ಏಕೆ ಎಂದು ಕೇಳಿ ಏಕೆಂದರೆ ಎಂದು ಉತ್ತರ ತೊಡಗುವಂತೆ, ಅವರೂ ಅದೇ ಪುರ್ಕೆಯಿಂದ ಕೇಳಿ ಪುರ್ಕೆಯಿಂದಲೇ ಉತ್ತರಿಸುತ್ತಾರೆ. ಬ್ರೆಜಿಲಿನ ಬರಹದಲ್ಲಿ ಪ್ರಶ್ನೆಯಾದರೆ ಬಿಡಿಸಿಯೂ ಉತ್ತರವಾದರೆ ಕೂಡಿಸಿಯೂ ಬರೆಯುವರು. ಅದು ಶಾಲಾ ಮಕ್ಕಳ ಕಷ್ಟ, ಕಿವಿಯ ಕಷ್ಟವಲ್ಲ.

ಪ್ರಶ್ನಪದವೇ ಇಲ್ಲದ ಪ್ರಶ್ನೆಯೂ ಉಂಟು. ನಾವು ‘ಜ್ವರ ಇದೆಯೇ’ ಎಂದು ಏಕಾರ ಸೇರಿಸುತ್ತೇವೆ. ಅವರು ‘ತೆಂ ಫೆಬ್ರೆ’ ಎಂಬ ಅದೇ ಮಾತನ್ನು ಧ್ವನಿ ಏರಿಸಿ ಹೇಳಿದರೆ ಪ್ರಶ್ನೆಯಾಯಿತು, ಇಳಿಸಿದರೆ ಜ್ವರವಿದೆ ಎಂದಾಯಿತು. ಆದರೆ ಉತ್ತರ ಕೊಡುವ ಕ್ರಮ ನಮ್ಮದೇ. ಹೌದು ಎನ್ನುವುದಕ್ಕಿಂತ ಕ್ರಿಯಾಪದವನ್ನೇ ಮರಳಿಸುವುದು ಹೆಚ್ಚು: ‘ತೆಂ?’ ‘ತೆಂ.’ ಇದೆಯೇ, ಇದೆ. ಇಷ್ಟು ದೂರದ ಎರಡು ನುಡಿಗಳು ಇಲ್ಲಿ ಕೂಡಿದ್ದು ಕಂಡು ನಮಗೆ ಸಂತೋಷವಾಯಿತು.

ಇವೆಲ್ಲವನ್ನು ಎರಡು ಹಾಳೆಗಳಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದುಕೊಟ್ಟೆವು. ಅಜ್ಜ ಅದರ ಚಿತ್ರ ತೆಗೆದು ದೂರವಾಣಿಯಲ್ಲಿ ಕಳುಹಿಸಿದರು. ಅವಳು ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಾಳಂತೆ. ಮೊನ್ನೆ ಮಗುವಿನೊಡನೆ ಮತ್ತೆ ಅದೇ ಚಿಕಿತ್ಸಾಲಯಕ್ಕೆ ಹೋಗಿದ್ದಾಗ ದಾದಿ ‘ಕ್ವಾಂತುಶ್ ಆನುಶ್ ತೆಂ?’ ಎಂದಳು. ತಾಯಿ ಮನಸ್ಸಿನಲ್ಲಿಯೇ ಹಾಳೆಯನ್ನು ತಿರುವಿ, ಪುಲ್ಲಿಂಗ, ಬಹುವಚನ, ವರ್ಷ ಎಂದು ಲೆಕ್ಕ ಹಾಕುತ್ತಿರುವಷ್ಟರಲ್ಲಿ, ಶಿಶುವಿಹಾರದಲ್ಲಿ ದಿನವೂ ಆ ನುಡಿಯಲ್ಲಿಯೇ ಆಡುವ ಮಗು ಮೂರು ಬೆರಳೆತ್ತಿ ‘ತ್ರೆಶ್’ ಎಂದುಬಿಟ್ಟಿತು.