ವಿದ್ಯೆಯ ಬಾಗಿಲು ಸಂಜೆಯೂ ತೆರೆದಿರಲಿ

1917ರಲ್ಲಿ ಪ್ರೌಢಶಾಲೆಯಾಗಿ ಆರಂಭಗೊಂಡು 1945ರಲ್ಲಿ ಕಾಲೇಜಾಗಿ ಬೆಳೆದ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ವಿದ್ಯಾಸಂಸ್ಥೆಯೂ, 1946ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜೂ ಉನ್ನತ ವಿದ್ಯೆಯನ್ನು ಸಾಮಾನ್ಯರ ಮಕ್ಕಳ ಸಮೀಪಕ್ಕೆ ತಂದವು. ಗೌರಿಬಿದನೂರು ಸೀಮೆಯ ಹೊಸೂರಿನಿಂದ ಕಾಲ್ನಡಿಗೆಯಲ್ಲಿಯೇ ಬೆಂಗಳೂರಿಗೆ ಬಂದು ಓದಿ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿಯೇ ಬಾಳು ಸವೆಸಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು, ತಾವು ಪಡೆದುದನ್ನು ಹುಟ್ಟಿದ ಸೀಮೆಗೆ ಸಲ್ಲಿಸಲೋಸುಗ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿಯೂ ಕಾಲೇಜುಗಳು ನೆಲೆಗೊಳ್ಳುವಂತೆ ಶ್ರಮಿಸಿದರು. ವಿದ್ಯಾರ್ಥಿಯು ವಿದ್ಯೆಯನ್ನರಸಿ ಬಳಲುವುದಕ್ಕಿಂತ ವಿದ್ಯೆಯೇ ಅವನಿರುವೆಡೆಗೆ ಬರಬೇಕೆಂಬುದೇ ಆ ಕಾರ್ಯದ ತಾತ್ಪರ್ಯ.

ಇಂದು ನಗರಗಳಲ್ಲಿಯೂ ತಾಲ್ಲೂಕು ಕೇಂದ್ರಗಳಲ್ಲಿಯೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹರಡಿಕೊಂಡಿರುವುದು ಸಂತೋಷದ ಸಂಗತಿಯೇ. ಆದರೆ ಹಗಲೆಲ್ಲ ದುಡಿಯುವವರಿಗೆ ಅವುಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇದೆ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ನಸುಕಿನಿಂದಲೇ ಮೊಳ ಹಾಕಿ ಹೂವು ಮಾರುವ ತರುಣಿಗೆ ಲೆಕ್ಕಪತ್ರ ಕಲಿಯುವ ಹಂಬಲವಿದ್ದರೆ, ಅವಳಿಗೆ ಬೇಕಾದುದು ಸಂಜೆಯ ತರಗತಿ, ಅಲ್ಪ ಶುಲ್ಕ ಮತ್ತು ಮುಂದೆ ಪದವಿಗೂ ಸಲ್ಲುವ ಪ್ರಮಾಣಪತ್ರ. ಹೊಸ ಕಟ್ಟಡಗಳಿಗೆ ಶಂಕುಸ್ಥಾಪನೆ ಮಾಡುವುದಕ್ಕೆ ಮುನ್ನ, ಇರುವ ಕಾಲೇಜುಗಳಲ್ಲಿಯೇ ಸಂಜೆಯ ಪಾಠಗಳನ್ನು ಆರಂಭಿಸಿ, ಅವುಗಳಿಗೆ ಕಾಯಂ ಅಧ್ಯಾಪಕರನ್ನು ನೇಮಿಸುವುದು ಸರ್ಕಾರದ ಆದ್ಯ ಕರ್ತವ್ಯ.