ಆ ವರದಿಯ ಬೀಗ ತೆಗೆಯಿರಿ: ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ



1962ರಲ್ಲಿ ಚೀನಾದೆದುರು ಕಂಡ ಸೋಲಿನ ಮಾತು ಬಂದರೆ ನಮ್ಮ ಕಡೆ ಥಟ್ಟನೆ ನೆನಪಾಗುವುದು ‘ಹಿಮಾಲಯನ್ ಬ್ಲಂಡರ್’. ಬ್ರಿಗೇಡಿಯರ್ ಜಾನ್ ದಳವಿಯವರ ಆ ಪುಸ್ತಕವನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದರು. ಅದನ್ನು ಓದಿ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅವರ ಮೇಲೆ ಹಲ್ಲು ಕಡಿದವರಲ್ಲಿ ನಾನೂ ಒಬ್ಬ. ಗಡಿಯ ನಾಮ್ಕಾ ಚೂ ಹೊಳೆಯ ದಂಡೆ, ಕೊರೆಯುವ ಚಳಿ, ಮೈಮೇಲೆ ಬೇಸಿಗೆಯ ಹತ್ತಿ ಸಮವಸ್ತ್ರ, ಕೈಯಲ್ಲಿ ತಲಾ ಐವತ್ತು ಗುಂಡು. ಅಲ್ಲಿಗೆ ಕೋರ್ ಕಮಾಂಡರ್ ಕೌಲ್ ಬಂದದ್ದು, ಏದುಸಿರು ತಾಳಲಾರದೆ, ಹಮಾಲನೊಬ್ಬನ ಬೆನ್ನೇರಿ. ಕಣ್ಣಿಗೆ ಕಟ್ಟಿದ ಆ ಚಿತ್ರ ಇಂದಿಗೂ ಅಳಿಸಿಲ್ಲ.

ಕೌಲ್ ಮೇಲೆ ದೂರುಗಳಿಗೆ ಬರವಿಲ್ಲ. ಸೇವೆಯ ಬಹುಭಾಗವನ್ನು ಅವರು ಕಳೆದದ್ದು ಸೈನ್ಯಕ್ಕೆ ಸರಬರಾಜು ಮಾಡುವ ಸರ್ವಿಸ್ ಕೋರ್‌ನಲ್ಲಿ. ರಣರಂಗದಲ್ಲಿ ಪಡೆ ನಡೆಸಿದ ಅನುಭವವಿರಲಿಲ್ಲ. ಅಂಬಾಲದಲ್ಲಿ ಜವಾನರ ಕೈಯಿಂದಲೇ ಸೇನೆಯ ವಸತಿ ಮನೆಗಳನ್ನು ಕಟ್ಟಿಸಿ ನೆಹರೂ ಅವರ ಮೆಚ್ಚುಗೆ ಪಡೆದರು. 1959ರಲ್ಲಿ ಅವರಿಗೆ ಸಿಕ್ಕ ಬಡ್ತಿ, ಆಗಿನ ಸೇನಾ ಮುಖ್ಯಸ್ಥ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಮುನಿದು ರಾಜೀನಾಮೆ ಬರೆದದ್ದಕ್ಕೆ ಒಂದು ಕಾರಣ. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಇಂದು ವಸ್ತುಸಂಗ್ರಹಾಲಯ. ಆ ಮನೆಯ ಮಗನ ಮಾತನ್ನು ದೆಹಲಿ ಕೇಳಿದ್ದರೆ ಎಂದು ಕೊಡಗಿನವರು ನಿಟ್ಟುಸಿರಿಡುವುದು ಸಹಜ.

ಇಷ್ಟಾದರೂ ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. 1962ರ ಅಕ್ಟೋಬರ್ 10ರಂದು ಚೆಂಗ್ ಜಾಂಗ್‌ನಲ್ಲಿ ನಮ್ಮ ಪಂಜಾಬ್ ತುಕಡಿಯ ಮೇಲೆ ಚೀನೀಯರು ಮುಗಿಬಿದ್ದಾಗ ಕೌಲ್ ಅದನ್ನು ಕಣ್ಣಾರೆ ಕಂಡರು. ಮರುದಿನವೇ ದೆಹಲಿಗೆ ಹೋಗಿ ಪ್ರಧಾನಿಯ ಮುಂದೆ ಪರಿಸ್ಥಿತಿ ಇಟ್ಟರು. ಅಲ್ಲಿಂದ ಹೊರಬಿದ್ದ ತೀರ್ಮಾನ, ಹೊಳೆಯ ದಂಡೆ ಬಿಡಬಾರದು ಎಂಬುದು. ಯಾರು ಏನು ಹೇಳಿದರು, ಯಾರು ಸುಮ್ಮನಿದ್ದರು? ದಳವಿಯವರ ಬ್ರಿಗೇಡ್ ಹಿಂದೆ ಸರಿಯಲಿಲ್ಲ. ಹತ್ತೇ ದಿನದಲ್ಲಿ, 20ರ ಬೆಳಗ್ಗೆ, ಅದು ಛಿದ್ರವಾಯಿತು. ಆಗ ಕೌಲ್ ದೆಹಲಿಯಲ್ಲಿ ಕಾಯಿಲೆ ಬಿದ್ದು ಮಲಗಿದ್ದರು. ಆ ಕಾಯಿಲೆಯನ್ನು ನೆಪ ಎಂದವರಿದ್ದಾರೆ, ನಿಜ ಎಂದವರೂ ಇದ್ದಾರೆ.

ದಳವಿ ಶತ್ರುವಿನ ಸೆರೆಯಲ್ಲಿ ಬೆಂದು ಬಂದವರು, ಅವರ ಸಿಟ್ಟಿಗೆ ಹಕ್ಕಿದೆ. ಕೌಲ್ ಕೂಡ 1967ರಲ್ಲಿ ‘ದಿ ಅನ್‌ಟೋಲ್ಡ್ ಸ್ಟೋರಿ’ ಬರೆದು ತಮ್ಮ ಮಾತು ಹೇಳಿ, 1972ರಲ್ಲಿ ತೀರಿಕೊಂಡರು. ಇವರಿಬ್ಬರ ಮಾತನ್ನೂ ಒರೆಗೆ ಹಚ್ಚಬಲ್ಲ ಕಾಗದ ನಿಮ್ಮ ಇಲಾಖೆಯಲ್ಲಿದೆ. ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ವಿಕ್ಟೋರಿಯಾ ಕ್ರಾಸ್ ಪಡೆದ ಬ್ರಿಗೇಡಿಯರ್ ಭಗತ್ 1963ರಲ್ಲಿ ಒಪ್ಪಿಸಿದ ವರದಿ ಅದು. ಸೇನಾ ಪ್ರಧಾನ ಕಚೇರಿಯ ಒಳಗನ್ನು ಕೆದಕುವ ಅಧಿಕಾರ ಆ ಇಬ್ಬರಿಗೆ ಇರಲಿಲ್ಲ. ಹಾಗಾಗಿ ಅದನ್ನು ಕೊನೆಯ ಮಾತು ಎಂದು ನಾನು ಭಾವಿಸಿಲ್ಲ. ಆದರೂ ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಇಬ್ಬರು ಅನುಭವಿ ಯೋಧರು ಕಡತ ನೋಡಿ ಬರೆದದ್ದಕ್ಕೆ ಸಮನಾದದ್ದು ಇನ್ನೊಂದಿಲ್ಲ.

2010ರಲ್ಲಿ ಆಗಿನ ರಕ್ಷಣಾ ಸಚಿವ ಆಂಟನಿಯವರು ಅದನ್ನು ಕೊಡಲಾಗದು ಎಂದರು. 2014ರ ಮಾರ್ಚಿನಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ದೊಡ್ಡ ಭಾಗವನ್ನೇ ಹೊರಹಾಕಿದರು. ಅದೇ ವರ್ಷ ರಕ್ಷಣಾ ಸಚಿವರಾಗಿದ್ದ ಜೇಟ್ಲಿಯವರೂ ರಾಜ್ಯಸಭೆಗೆ ಕೊಟ್ಟ ಉತ್ತರ ‘ಇಲ್ಲ’ ಎಂದೇ. ಲೋಕವೆಲ್ಲ ಓದಿದ್ದನ್ನು ಇನ್ನು ಯಾರಿಂದ ಮುಚ್ಚಿಡುವುದು, ಸಚಿವರೇ? 25 ವರ್ಷ ದಾಟಿದ ಯುದ್ಧ ದಾಖಲೆಗಳನ್ನು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಬೇಕೆಂದು 2021ರ ಜೂನ್‌ನಲ್ಲಿ ನಿಯಮ ಮಾಡಿದ್ದು ನಿಮ್ಮದೇ ಸಚಿವಾಲಯ. ಈ ವರದಿಗೆ 60 ವರ್ಷ ದಾಟಿತು.

ಕೌಲ್ ತಪ್ಪಿತಸ್ಥರೆಂದೇ ಅದು ಹೇಳಲಿ, ನಾನು ಒಪ್ಪುತ್ತೇನೆ. ಒಬ್ಬರ ತಲೆಗೆ ಕಟ್ಟಿದ ಹೊರೆಯಲ್ಲಿ ಹಲವರ ಪಾಲಿದೆ ಎಂದರೆ ಅದನ್ನೂ ಓದೋಣ. ನಾಮ್ಕಾ ಚೂವಿನಿಂದ ಮರಳದ ರಜಪೂತ, ಗೂರ್ಖಾ ಜವಾನರ ಮಕ್ಕಳು ಈಗ ಮುದುಕರಾಗಿದ್ದಾರೆ. ಅವರ ಕಣ್ಣು ಓದಬಲ್ಲಂತೆ ಇರುವಾಗಲೇ ಆ ಕಡತವನ್ನು ಪತ್ರಾಗಾರಕ್ಕೆ ಕಳಿಸಿಕೊಡಿ.

ಇತಿ,
ಕರ್ನಾಟಕದ ಒಬ್ಬ ಓದುಗ