ಅಡಿಕೆಗೆ ಬೇಲಿ ಹಾಕಿದರೆ ಸಾಕೇ?

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳಲ್ಲಿ ಅಡಿಕೆ ಧಾರಣೆಯೆಂಬುದು ಕೇವಲ ಮಂಡಿಯ ಸುದ್ದಿಯಲ್ಲ. ತೋಟದ ಯಜಮಾನನ ಸಾಲ, ಖೇಣಿ ಹಿಡಿದವನ ಬಂಡವಾಳ, ಕೊನೆಗಾರನ ಕೂಲಿ, ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸಿನ ಸಂಪಾದನೆ ಎಲ್ಲವೂ ಆ ಒಂದು ಅಂಕಿಯನ್ನು ಅವಲಂಬಿಸಿವೆ. ಇಲ್ಲಿ ಹಿಂದೂ-ಮುಸ್ಲಿಮ್ ಎಂಬ ಭೇದವಿಲ್ಲ. ಧಾರಣೆ ಕುಸಿದರೆ ಎಲ್ಲರ ಒಲೆಯೂ ತಣ್ಣಗಾಗುತ್ತದೆ.

ಈ ಧಾರಣೆಯನ್ನು ಕಾಯಲು ಕೇಂದ್ರ ಸರಕಾರವು ಕನಿಷ್ಠ ಆಮದು ಬೆಲೆಯೆಂಬ ಬೇಲಿ ಕಟ್ಟಿದೆ. 2017ರಲ್ಲಿ ಕಿಲೋಗೆ 251 ರೂಪಾಯಿ ಇದ್ದ ಈ ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಲಾಯಿತು. ಆದರೆ ಅದಕ್ಕೆ ಐದು ತಿಂಗಳು ಮೊದಲು, ಇದೇ ಸರಕಾರವು ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಈ ಷರತ್ತಿಲ್ಲದೆ ತರಲು ಅನುಮತಿ ನೀಡಿತ್ತು. ಬೇಲಿ ಕಟ್ಟಿದವರೇ ದಣಪೆ ತೆರೆದರೆ ರೈತ ಯಾರನ್ನು ನಂಬಬೇಕು?

ಇನ್ನು ಕಳ್ಳಗಂಡಿಗಳ ಕತೆಯೇ ಬೇರೆ. 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಡಿ ಆ ದೇಶದ ಅಡಿಕೆಗೆ ಸುಂಕ ವಿನಾಯಿತಿ ದೊರೆಯಿತು. ಇಂಡೋನೇಷ್ಯಾದ ಅಡಿಕೆಯು ಶ್ರೀಲಂಕಾದ ಮೂಲ ಪ್ರಮಾಣಪತ್ರ ಹೊತ್ತು ಬಂದ ಪ್ರಕರಣಗಳು ಬೆಳಕಿಗೆ ಬಂದಿವೆ. ಕನಿಷ್ಠ ಬೆಲೆಯನ್ನು ದಾಟಲು ಕಾಗದದಲ್ಲಿ ದರ ಹೆಚ್ಚಿಸಿ ತೋರಿಸಿದರೆ ಸಾಕು. ಸುಂಕವೇ ಇಲ್ಲದಲ್ಲಿ ಹಾಗೆ ತೋರಿಸಿದವನಿಗೆ ನಷ್ಟವೇನು? ಮ್ಯಾನ್ಮಾರ್ ಗಡಿಯಿಂದ ಈಶಾನ್ಯ ರಾಜ್ಯಗಳ ಮೂಲಕ ಬರುವ ಅಡಿಕೆಗಂತೂ ಈ ಕಾಗದವೂ ಬೇಡ.

ಪ್ರವಾದಿ ಶುಐಬ್(ಅ)ರು ಮದ್‌ಯನಿನ ಜನರಿಗೆ ಆರಾಧನೆಯ ಜೊತೆಗೇ ಬೋಧಿಸಿದ್ದು ಅಳತೆ ಮತ್ತು ತೂಕದ ಪ್ರಾಮಾಣಿಕತೆಯನ್ನು. ಸುಳ್ಳು ಪ್ರಮಾಣಪತ್ರವೂ ಕಳ್ಳ ತಕ್ಕಡಿಯೇ. ನಮಾಝಿನ ಸಫ್ಫಿನಲ್ಲಿ ಮುಂದೆ ನಿಲ್ಲುವ ವ್ಯಾಪಾರಿಯೂ ಅಗ್ಗದ ಮಾಲನ್ನು ಊರಿನ ರಾಶಿಗೆ ಬೆರೆಸುವ ಮುನ್ನ ಇದನ್ನು ಯೋಚಿಸಬೇಕು. ಅದರಿಂದ ಮೊದಲು ಹೊಡೆತ ಬೀಳುವುದು ಅವನ ನೆರೆಯವನಿಗೇ.

ಆದರೆ ಬೇಲಿ ಭದ್ರವಾದ ಮಾತ್ರಕ್ಕೆ ಸಮಸ್ಯೆ ಮುಗಿಯದು. ಜಗತ್ತಿನಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವವರೂ ನಾವೇ, ತಿನ್ನುವವರೂ ನಾವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಕರ್ನಾಟಕವು ಗುಟ್ಖಾ ನಿಷೇಧಿಸಿತು. ಇತ್ತ ಮಲೆನಾಡಿನ ತೋಟಗಳನ್ನು ಎಲೆಚುಕ್ಕೆ ರೋಗ ಕಾಡುತ್ತಿದ್ದರೆ, ಅತ್ತ ಬಯಲುಸೀಮೆಯಲ್ಲಿ ಬೋರ್‌ವೆಲ್ ನಂಬಿ ಹೊಸ ತೋಟಗಳು ಏಳುತ್ತಿವೆ. ಹೊರದೇಶದಲ್ಲಿ ದೊಡ್ಡ ಮಾರುಕಟ್ಟೆಯಿಲ್ಲದ, ಒಳಗೆ ಆರೋಗ್ಯದ ಪ್ರಶ್ನೆ ಎದುರಿಸುತ್ತಿರುವ ಒಂದೇ ಬೆಳೆಯ ಮೇಲೆ ಮೂರು ತಾಲೂಕುಗಳ ಭವಿಷ್ಯವನ್ನು ಹೊರಿಸುವುದು ವಿವೇಕವೇ?

ಉತ್ತರವು ಅದೇ ಅಡಿಕೆ ಮರಕ್ಕೆ ಹಬ್ಬಿಕೊಂಡಿದೆ. ಕಾಳುಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ. ಅರಬ್ ವರ್ತಕರ ಹಡಗುಗಳನ್ನು ಈ ಕರಾವಳಿಗೆ ಸೆಳೆದದ್ದು ಅದೇ. ಸಾಗರದಿಂದ ಘಟ್ಟ ಇಳಿದರೆ ಸಿಗುವ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಇಂದು ಜಗತ್ತಿಗೆ ಅತಿ ಹೆಚ್ಚು ಕಾಳುಮೆಣಸು ಮಾರುವ ದೇಶ ವಿಯೆಟ್ನಾಂ. ನಾವಾದರೋ 2017ರ ಡಿಸೆಂಬರಿನಲ್ಲಿ ಮೆಣಸಿಗೂ ಕಿಲೋಗೆ 500 ರೂಪಾಯಿಯ ಬೇಲಿ ಹಾಕಿ ಕುಳಿತೆವು. ಜಗತ್ತಿಗೆ ಮಾರುತ್ತಿದ್ದವರು ಜಗತ್ತಿನಿಂದ ರಕ್ಷಣೆ ಬೇಡುವಂತಾಯಿತು.

ರಕ್ಷಣೆ ಬೇಡವೆಂದು ನಾವು ಹೇಳುತ್ತಿಲ್ಲ. ರಕ್ಷಣೆಯು ರೈತನಿಗೆ ಸಿಗುವ ಕಾಲಾವಕಾಶವಾಗಬೇಕೇ ಹೊರತು ಸರಕಾರಕ್ಕೆ ನಿದ್ದೆಯ ನೆಪವಾಗಬಾರದು. ಸರಕಿನ ಮೂಲವನ್ನು ಸಾಬೀತುಪಡಿಸುವ ಹೊಣೆಯನ್ನು 2020ರ ಕಸ್ಟಮ್ಸ್ ನಿಯಮಗಳು ಆಮದುದಾರನ ಮೇಲೆ ಹೊರಿಸಿವೆ. ಅವು ಬಂದರಿನಲ್ಲಿ ಕಟ್ಟುನಿಟ್ಟಾಗಿ ಜಾರಿಯಾಗಲಿ. ಮೆಣಸನ್ನು ಒಣಗಿಸಿ ವರ್ಗೀಕರಿಸುವ, ಕೀಟನಾಶಕದ ಅಂಶ ಪರೀಕ್ಷಿಸುವ ವ್ಯವಸ್ಥೆ ತಾಲೂಕಿಗೇ ಬರಲಿ. ಸಣ್ಣ ಹಿಡುವಳಿದಾರರು ಸಹಕಾರ ಸಂಘಗಳ ಮೂಲಕ ನೇರ ರಫ್ತಿಗೆ ಇಳಿಯಲಿ. ಧಾರಣೆ ಏರಿದಾಗ ಸುಲಿತದ ಕೂಲಿಯೂ ಏರಲಿ. ಚುನಾವಣೆ ಬಂದಾಗ ಅಡಿಕೆಯ ಮಾನ ಕಾಪಾಡುವುದಾಗಿ ಭಾಷಣ ಬಿಗಿಯುವವರನ್ನು ಮಲೆನಾಡಿನ ಮತದಾರರು ಕೇಳಬೇಕಾದದ್ದು ಇದನ್ನೇ: ಬೇಲಿ ಸರಿ, ದಾರಿ ಎಲ್ಲಿ?